ಹ್ಯಾಲೋವೀನ್ ಪಾರ್ಟಿಗೆ ಯಾವ ಸಿಹಿ? ತುಲಾಮಳೆಯ ಸೆಕೆಯಲ್ಲಿ ನಿಲ್ಲುವ ಗುಮ್ಮಗಳು, ಕರಗುವ ಗುಮ್ಮಗಳು

ಅಕ್ಟೋಬರ್ 31 ಹತ್ತಿರ ಬರುವಾಗ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಮನೆಗಳಲ್ಲಿ ಈಗೀಗ ಹೊಸದೊಂದು ತಲೆಬಿಸಿ ಶುರುವಾಗಿದೆ. ಗಲ್ಫಿನಲ್ಲಿ ಬೆಳೆದು ಊರಿಗೆ ಬಂದ ಮಕ್ಕಳಿಗೆ ದೆವ್ವದ ವೇಷ ಹಾಕುವ ಪಾಶ್ಚಾತ್ಯ ಹಬ್ಬ ಹ್ಯಾಲೋವೀನ್ ಬೇಕು, ಅವರ ಗೆಳೆಯರಿಗೂ ಬೇಕು. ಪಾರ್ಟಿಗೆ ಹೆದರಿಸುವಂಥ ಸಿಹಿಯೊಂದು ಆಗಲೇಬೇಕು. ಮೊಬೈಲಿನಲ್ಲಿ ಹುಡುಕಿದರೆ ನೂರು ಚಿತ್ರ ಸಿಗುತ್ತವೆ: ಮೊಟ್ಟೆಯ ಬಿಳಿಯಲ್ಲಿ ಮಾಡಿದ ದೆವ್ವ, ಮಾರ್ಷ್‌ಮೆಲ್ಲೋ ಮಮ್ಮಿ, ಬೆಣ್ಣೆ ಕ್ರೀಮಿನ ಕುಂಬಳಕಾಯಿ. ಅವುಗಳಲ್ಲಿ ಹೆಚ್ಚಿನವು ಅಕ್ಟೋಬರಿನಲ್ಲಿ ಚಳಿ ಬೀಳುವ, ಗಾಳಿ ಒಣಗಿರುವ ಊರುಗಳಿಗೆ ಹೊಂದುವಂಥವು. ನಮ್ಮಲ್ಲಿ ಅದೇ ದಿನ ಹಗಲು 31–32 ಡಿಗ್ರಿ ಸೆಕೆ, ಮಧ್ಯಾಹ್ನ ಕಳೆದರೆ ತುಲಾಮಳೆ (ಅಕ್ಟೋಬರ್–ನವೆಂಬರಿನ ತುಲಾ ತಿಂಗಳ ಮಳೆ), ಗುಡುಗು ಸುರುವಾದ ಕೂಡಲೇ ಕರೆಂಟು ಕಟ್. ಹಾಗಾಗಿ ಇಲ್ಲಿ ಸಿಹಿಯನ್ನು ಆರಿಸಬೇಕಾದ್ದು ಚಿತ್ರ ನೋಡಿ ಅಲ್ಲ, ಆಕಾಶ ನೋಡಿ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ತುಳುನಾಡಿನಲ್ಲಿ ಭೂತ ಎಂದರೆ ನಂಬುವ ದೈವ. ಹ್ಯಾಲೋವೀನ್ ಬರುವ ಹೊತ್ತಿಗೇ, ತುಲಾ ತಿಂಗಳ ಹತ್ತಕ್ಕೆ, ಇಲ್ಲಿ ತೆಯ್ಯಂ (ವೇಷ ಕಟ್ಟಿ ನಡೆಸುವ ದೈವಾರಾಧನೆ) ಕಾಲವೂ ಆರಂಭವಾಗಿರುತ್ತದೆ. ಆದ್ದರಿಂದ ಕೇಕಿನ ಮೇಲೆ ದೈವದ ಹಳದಿ ಅರ್ದಲ (ಮುಖದ ಬಣ್ಣ), ಕೆಂಪು ಮುಖವರ್ಣಿಕೆ, ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ) ಬಿಡಿಸುವ ಆಲೋಚನೆ ಬೇಡ. ಬಿಳಿ ಬಟ್ಟೆ ಹೊದ್ದ ಗುಮ್ಮ ಸಾಕು. ಅದು ಯಾರ ನಂಬಿಕೆಗೂ ತಾಗುವುದಿಲ್ಲ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯ ಪ್ರಶ್ನೆ, ಫ್ರಿಜ್ಜಿನಿಂದ ಹೊರಬಂದ ಮೇಲೆ ಸಿಹಿ ಎಷ್ಟು ಹೊತ್ತು ನಿಲ್ಲಬೇಕು? ಮಕ್ಕಳ ಪಾರ್ಟಿಯಲ್ಲಿ ಆಟ ಮುಗಿದು ತಟ್ಟೆಗೆ ಕೈ ಹೋಗುವಾಗ ಒಂದೂವರೆ ಗಂಟೆ ಆಗಿರುತ್ತದೆ. ಬೆಣ್ಣೆ ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಆಕಾರ ಬಿಡುತ್ತದೆ. ಜೆಲಾಟಿನ್ ಹಾಕಿದ ಜೆಲ್ಲಿಯೂ ಅಷ್ಟರಲ್ಲೇ ನೀರಾಗುತ್ತದೆ. ಕಡಲಪಾಚಿಯಿಂದ ತೆಗೆಯುವ ಚೈನಾ ಗ್ರಾಸ್ (ಅಗರ್) ಮಾತ್ರ 35–40 ಡಿಗ್ರಿಯಲ್ಲಿ ಗಟ್ಟಿಯಾಗಿ, ಮತ್ತೆ ಕರಗಬೇಕಾದರೆ 85ರ ಹತ್ತಿರ ಹೋಗಬೇಕು. ಈ ಒಂದು ವ್ಯತ್ಯಾಸವೇ ನಮ್ಮ ಊರಿನಲ್ಲಿ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಎರಡನೆಯದು, ಪಂಕ್ತಿಯಲ್ಲಿ ಯಾರಿದ್ದಾರೆ? ಕಾಸರಗೋಡಿನ ಯಾವುದೇ ಮಕ್ಕಳ ಕೂಟದಲ್ಲಿ ಮೊಟ್ಟೆ ತಿನ್ನದವರು, ಹಲಾಲ್ ನೋಡುವವರು, ಏನನ್ನೂ ತಿನ್ನುವವರು ಒಟ್ಟಿಗೇ ಕೂತಿರುತ್ತಾರೆ. ಜೆಲಾಟಿನ್ ಪ್ರಾಣಿಯ ಚರ್ಮ, ಎಲುಬಿನಿಂದ ಬರುವುದು. ಮಾರ್ಷ್‌ಮೆಲ್ಲೋ, ಗಮ್ಮಿ ಹುಳು ಇವುಗಳಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಪ್ಯಾಕೆಟಿನ ಮೇಲೆ ಹಸಿರು ಗುರುತು ಇದೆಯೇ ಎಂದು ನೋಡದೆ ಕೊಂಡರೆ ಎರಡು ಬಗೆಯ ಅತಿಥಿಗಳಿಗೆ ಒಟ್ಟಿಗೇ ತೊಂದರೆ. ಮೊಟ್ಟೆ ಮತ್ತು ಜೆಲಾಟಿನ್ ಎರಡೂ ಇಲ್ಲದ ಸಿಹಿಯನ್ನು ಆರಿಸಿದರೆ ಒಂದೇ ತಟ್ಟೆ ಎಲ್ಲರಿಗೂ ಸಾಕು.

ಮತ್ತೆ ಓವನ್ ಇದೆಯೋ ಇಲ್ಲವೋ, ಹಿಂದಿನ ದಿನ ಎಷ್ಟು ಸಮಯ ಸಿಗುತ್ತದೆ, ಸಿಹಿ ಮನೆಯಲ್ಲೇ ಉಳಿಯುವುದೋ ಕಾರಿನಲ್ಲಿ ಹೋಗಬೇಕೋ, ಮಕ್ಕಳ ಪ್ರಾಯ ಎಷ್ಟು ಎಂಬುದು. ನಾಲ್ಕು ವರ್ಷದ ಮಗುವಿಗೆ ನಗುವ ಗುಮ್ಮ ಸಾಕು. ಹನ್ನೆರಡರ ಹುಡುಗರಿಗೆ ರಕ್ತ ಸುರಿಯದಿದ್ದರೆ ಅದು ಹ್ಯಾಲೋವೀನೇ ಅಲ್ಲ.

ಕೆಳಗಿನ ಅಳತೆಗಳೆಲ್ಲ 20 ಜನರ ಲೆಕ್ಕದವು. ಬೆರಳು ಬಿಸ್ಕತ್ತಿನಂಥ ಸಣ್ಣ ತಿಂಡಿಯ ಲೆಕ್ಕ ಅಲ್ಲಲ್ಲೇ ಇದೆ.

ಬೊಂಡ (ಎಳನೀರು) ಪುಡ್ಡಿಂಗಿನ ಗುಮ್ಮ

ಸಂಶಯದಲ್ಲಿರುವವರು ಇದನ್ನೇ ಹಿಡಿಯಿರಿ. ಓವನ್ ಬೇಡ, ಮೊಟ್ಟೆ ಇಲ್ಲ, ಜೆಲಾಟಿನ್ ಇಲ್ಲ. ಕರೆಂಟು ಎರಡು ಗಂಟೆ ಹೋದರೂ ಗುಮ್ಮ ನಿಂತಲ್ಲಿಯೇ ನಿಂತಿರುತ್ತದೆ. ಬೊಂಡ ಸ್ವಂತ ತೋಟದ್ದಾದರೆ ಖರ್ಚು ಹಾಲು ಮತ್ತು ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕಿನದು ಮಾತ್ರ.

ಬೇಕಾದ್ದು: ಹಾಲು 1 ಲೀಟರ್, ಕಂಡೆನ್ಸ್ಡ್ ಮಿಲ್ಕ್ 400 ಗ್ರಾಮಿನ ಒಂದು ಡಬ್ಬಿ, ಬೊಂಡದ ನೀರು 300 ಮಿ.ಲೀ., ಎಳೆ ತಿರುಳು ಎರಡು ಕಪ್, ಎಳೆಎಳೆಯ ಚೈನಾ ಗ್ರಾಸ್ 20 ಗ್ರಾಂ. ಅಂದಾಜು ಲೆಕ್ಕ ಇಷ್ಟೇ: 10 ಗ್ರಾಂ ಎಳೆ ಒಂದು ಲೀಟರ್ ದ್ರವವನ್ನು ಕವುಚಿ ಹಾಕುವಷ್ಟು ಗಟ್ಟಿ ಮಾಡುತ್ತದೆ. ಪುಡಿಯ ರೂಪದ್ದು ಇದಕ್ಕಿಂತ ಜೋರು. ಅದನ್ನು ಕಪ್ ದ್ರವಕ್ಕೆ ಒಂದು ಟೀ ಚಮಚಕ್ಕಿಂತ ಹೆಚ್ಚು ಹಾಕಿದರೆ ಪುಡ್ಡಿಂಗ್ ಹೋಗಿ ರಬ್ಬರ್ ಆಗುತ್ತದೆ.

ಚೈನಾ ಗ್ರಾಸನ್ನು ತುಂಡು ಮಾಡಿ ಬೊಂಡದ ನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ಸಣ್ಣ ಉರಿಯಲ್ಲಿ ಕುದಿಸಿ, ಒಂದೆಳೆಯೂ ಕಾಣದಷ್ಟು ಕರಗಿಸಿ. ಇನ್ನೊಂದು ಪಾತ್ರೆಯಲ್ಲಿ ಹಾಲು, ಕಂಡೆನ್ಸ್ಡ್ ಮಿಲ್ಕ್ ಬಿಸಿ ಮಾಡಿ. ಎರಡೂ ಬಿಸಿ ಇರುವಾಗಲೇ ಸೇರಿಸಿ, ಸೋಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದ ತಿರುಳು ಹಾಕಿ. ತಿರುಳು ಕೂಡ ಫ್ರಿಜ್ಜಿನ ತಣ್ಣನೆಯದಾಗಿರಬಾರದು. ಹೆಚ್ಚಿನವರು ಸೋಲುವುದು ಇಲ್ಲಿಯೇ: ತಣ್ಣನೆಯ ಹಾಲಿಗೆ ಬಿಸಿ ಚೈನಾ ಗ್ರಾಸ್ ಸುರಿದರೆ ಅದು ತಾಗಿದಲ್ಲೇ ಗಟ್ಟಿಯಾಗಿ ನೂಲುನೂಲಾಗುತ್ತದೆ. ಹಾಗಾದರೆ ಚೆಲ್ಲಬೇಡಿ. ಪೂರ್ತಿ ಮತ್ತೆ ಒಲೆಗೆ ಇಟ್ಟು ಕುದಿ ಹತ್ತಿರ ತಂದರೆ ಕರಗಿ ಸರಿಯಾಗುತ್ತದೆ. ಎರಡನೆಯ ಸೋಲು ಬೊಂಡದಿಂದಲೇ. ಕೆತ್ತಿ ಗಂಟೆಗಟ್ಟಲೆ ಇಟ್ಟ ನೀರು ಹುಳಿಯಾಗಿ ಹಾಲನ್ನು ಒಡೆಯುತ್ತದೆ. ಆದ್ದರಿಂದ ಕೆತ್ತಿದ ಕೂಡಲೇ ರುಚಿ ನೋಡಿ, ಕೂಡಲೇ ಬಳಸಿ.

ಗುಮ್ಮನ ಆಕಾರಕ್ಕೆ ವಿಶೇಷ ಅಚ್ಚು ಬೇಡ. ಬುಡ ಕಿರಿದು, ಬಾಯಿ ಅಗಲ ಇರುವ ಸಣ್ಣ ಸ್ಟೀಲ್ ಲೋಟಗಳಿಗೆ 90 ಮಿ.ಲೀ.ನಂತೆ ಹೊಯ್ಯಿರಿ. ಮೊದಲು ಲೋಟವನ್ನು ತಣ್ಣೀರಿನಲ್ಲಿ ಅದ್ದಿ ಕೊಡವಿದರೆ ಬಿಡಿಸುವುದು ಸುಲಭ. ಗಟ್ಟಿಯಾದ ಮೇಲೆ ಅಂಚನ್ನು ಬೆರಳಿನಿಂದ ಮೆಲ್ಲ ಒತ್ತಿ ಗಾಳಿ ಹೋಗಲು ಬಿಟ್ಟು ಕವುಚಿ. ನೆತ್ತಿ ಸಣ್ಣ, ಬುಡ ದಪ್ಪ, ಅಲುಗಿಸಿದರೆ ನಡುಗುವ ಬಿಳಿ ಗುಮ್ಮ ಸಿದ್ಧ. ಕಣ್ಣಿಗೆ ಕರಗಿಸಿದ ಕಪ್ಪು ಚಾಕೊಲೇಟಿನ ಎರಡು ಚುಕ್ಕೆ, ಬಾಯಿಗೆ ಉದ್ದದ ಒಂದು ಚುಕ್ಕೆ. ಒರಸಿ ಒಣಗಿಸಿದ ಮೇಲ್ಮೈಗೆ ಮಾತ್ರ ಇದು ಅಂಟುತ್ತದೆ. ಒದ್ದೆಯಾಗಿದ್ದರೆ ಕಣ್ಣು ಕೆನ್ನೆಗೆ ಜಾರುತ್ತದೆ. ಆ ಚೆಂದವೂ ಬೇರೆಯೇ ಎನ್ನಿ.

ಇದಕ್ಕೆ ರಕ್ತ ಬೇಕೆಂದರೆ ಪುನರ್ಪುಳಿಗಿಂತ (ಕೋಕಂ) ಒಳ್ಳೆಯದು ಇನ್ನೊಂದಿಲ್ಲ. ಒಣ ಸಿಪ್ಪೆ 50 ಗ್ರಾಮನ್ನು 300 ಮಿ.ಲೀ. ಬಿಸಿನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಹಿಂಡಿ, ಸೋಸಿ. 200 ಗ್ರಾಂ ಸಕ್ಕರೆ ಹಾಕಿ ಜೇನಿನ ಹದಕ್ಕೆ ಬತ್ತಿಸಿ. ತೆಳುವಾಗಿದ್ದರೆ ಗುಲಾಬಿ ಬಣ್ಣ, ದಪ್ಪವಾದರೆ ಹೆಪ್ಪುಗಟ್ಟುವ ರಕ್ತದ ಬಣ್ಣ. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಅಲ್ಯೂಮಿನಿಯಂ ಹುಳಿಗೆ ಆಗದು. ಇದನ್ನು ಹಾಲಿಗೆ ಬೆರೆಸಬೇಡಿ, ಒಡೆಯುತ್ತದೆ. ಬಡಿಸುವಾಗ ನೆತ್ತಿಯ ಮೇಲಿನಿಂದ ಒಂದು ಚಮಚ ಇಳಿಬಿಟ್ಟರೆ ಸಾಕು. ಪುನರ್ಪುಳಿಯನ್ನೇ ಕೆಂಪು ಜೆಲ್ಲಿ ಮಾಡಬೇಕೆಂದಿದ್ದರೆ ಚೈನಾ ಗ್ರಾಸನ್ನು ಬರೀ ನೀರಿನಲ್ಲಿ ಕರಗಿಸಿ, ಒಲೆಯಿಂದ ಇಳಿಸಿದ ಮೇಲೆ ಬೆಚ್ಚಗಿನ ಪುನರ್ಪುಳಿ ರಸ ಸೇರಿಸಿ. ಹುಳಿಯೊಟ್ಟಿಗೆ ಕುದಿಸಿದರೆ ಚೈನಾ ಗ್ರಾಸಿನ ಹಿಡಿತ ತಪ್ಪಿ ಜೆಲ್ಲಿ ಸಡಿಲವಾಗುತ್ತದೆ.

ಕೊರತೆ ಇಲ್ಲವೆಂದಲ್ಲ. ಚೈನಾ ಗ್ರಾಸಿನ ಪುಡ್ಡಿಂಗ್ ಇಟ್ಟಷ್ಟು ಹೊತ್ತೂ ಸ್ವಲ್ಪಸ್ವಲ್ಪ ನೀರು ಬಿಡುತ್ತದೆ. ಅದೇ ದಿನ ಬೆಳಿಗ್ಗೆ ಮಾಡಿದ್ದು ಚೆನ್ನ, ಎರಡು ದಿನ ಮೊದಲೇ ಮಾಡಿಟ್ಟದ್ದು ತಟ್ಟೆ ತುಂಬ ನೀರು. ಮತ್ತೆ ಇದು ಚಾಕೊಲೇಟಲ್ಲ. ಚಾಕೊಲೇಟ್ ಬಿಟ್ಟು ಬೇರೆ ಸಿಹಿಯೇ ಇಲ್ಲ ಎನ್ನುವ ಮಕ್ಕಳಿದ್ದರೆ ಮುಂದಿನದನ್ನು ನೋಡಿ.

ಸ್ಮಶಾನದ ಕಪ್

ಕಪ್ಪಿನ ಅಡಿಯಲ್ಲಿ ಚಾಕೊಲೇಟ್ ಪುಡ್ಡಿಂಗ್, ಮೇಲೆ ಬಿಸ್ಕತ್ತಿನ ಮಣ್ಣು, ಅದರಲ್ಲಿ ನೆಟ್ಟ ಗೋರಿಕಲ್ಲು. ಕಷ್ಟ ಕಡಿಮೆ, ಪರಿಣಾಮ ಜೋರು. ಮಕ್ಕಳನ್ನೇ ಕೂರಿಸಿ ಕೆಲಸ ಮಾಡಿಸಬಹುದಾದ ಸಿಹಿ ಇದೊಂದೇ.

ಹಾಲು 1.5 ಲೀಟರ್, ಕಾರ್ನ್‌ಫ್ಲೋರ್ 80 ಗ್ರಾಂ, ಕೋಕೋ ಪುಡಿ 75 ಗ್ರಾಂ, ಸಕ್ಕರೆ 225 ಗ್ರಾಂ, ಕಪ್ಪು ಚಾಕೊಲೇಟ್ 150 ಗ್ರಾಂ, ಚಿಟಿಕೆ ಉಪ್ಪು. ಕಾರ್ನ್‌ಫ್ಲೋರ್, ಕೋಕೋ, ಸಕ್ಕರೆಯನ್ನು ಒಣಗಿರುವಾಗಲೇ ಬೆರೆಸಿ, ಒಂದು ಕಪ್ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಹಾಲಿಗೆ ಹೊಯ್ದು ಕೈಬಿಡದೆ ತಿರುವಿ. ಗುಳ್ಳೆ ಬಂದ ಮೇಲೂ ಎರಡು ನಿಮಿಷ ಬೇಯಬೇಕು. ಬೇಗ ಇಳಿಸಿದರೆ ಹಸಿ ಹಿಟ್ಟಿನ ರುಚಿ ಉಳಿಯುವುದಲ್ಲದೆ ತಣ್ಣಗಾದ ಮೇಲೆ ನೀರೂ ಬಿಡುತ್ತದೆ. ಇಳಿಸಿ ಚಾಕೊಲೇಟ್ ಸೇರಿಸಿ. ಒಂದು ಎಚ್ಚರಿಕೆ: ಕೋಕೋ ಪುಡಿ ಬೇರೆ, ಡ್ರಿಂಕಿಂಗ್ ಚಾಕೊಲೇಟ್ ಬೇರೆ. ಎರಡನೆಯದರಲ್ಲಿ ಸಕ್ಕರೆಯೇ ಹೆಚ್ಚು. ಅದನ್ನು ಹಾಕಿದರೆ ಸ್ಮಶಾನದ ಮಣ್ಣು ಹೋಗಿ ಕೆಮ್ಮಣ್ಣಿನ ಗುಡ್ಡೆಯಾಗುತ್ತದೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇರುವುದರಿಂದ ಕೋಕೋ ಎಂಬುದು ನಮಗೆ ದೂರದ ವಸ್ತುವೇನಲ್ಲ. ಅಂಗಡಿಯಲ್ಲಿ ಚೀಟಿ ಓದಿ ಕೊಂಡರೆ ಸಾಕು.

ಮಣ್ಣಿಗೆ 400 ಗ್ರಾಂ ಕ್ರೀಮ್ ಇರುವ ಚಾಕೊಲೇಟ್ ಬಿಸ್ಕತ್ತು. ಹೆಚ್ಚಿನ ಪಾಕವಿಧಾನಗಳು ಕ್ರೀಮ್ ಕೆರೆದು ತೆಗೆಯಲು ಹೇಳುತ್ತವೆ. ತೆಗೆಯಬೇಡಿ. ಕ್ರೀಮ್ ಸೇರಿ ಪುಡಿಯಾದರೆ ಮಳೆ ಬಿದ್ದ ಮಣ್ಣಿನಂತೆ ಸಣ್ಣ ಹೆಂಟೆಗಳಾಗುತ್ತವೆ, ನಮ್ಮ ಕಡೆಯ ಅಕ್ಟೋಬರಿನ ಮಣ್ಣೂ ಹಾಗೆಯೇ ಇರುತ್ತದೆ. ಆದರೆ ಮಣ್ಣು ಹಾಕಬೇಕಾದ್ದು ಬಡಿಸುವ ಅರ್ಧ ಗಂಟೆ ಮೊದಲು. ರಾತ್ರಿಯೇ ಹಾಕಿಟ್ಟರೆ ಪುಡ್ಡಿಂಗಿನ ಪಸೆ ಹೀರಿ ಕೆಸರಾಗುತ್ತದೆ. ಗೋರಿಕಲ್ಲಿಗೆ ಆಯತಾಕಾರದ ಗ್ಲೂಕೋಸ್ ಬಿಸ್ಕತ್ತು ಸಾಕು. ಕರಗಿಸಿದ ಚಾಕೊಲೇಟನ್ನು ಬಟರ್ ಪೇಪರ್ ಕೋನಿನಲ್ಲಿ ತುಂಬಿ 'ಇಲ್ಲಿ ಮಲಗಿದ್ದಾನೆ ಹೋಂವರ್ಕ್' ಎಂದೋ ಏನೋ ಬರೆಯಿರಿ. ಬರೆದದ್ದು ಗಟ್ಟಿಯಾಗದೆ ನೆಡಬೇಡಿ. ನೆಟ್ಟ ಹದಿನೈದು ನಿಮಿಷಕ್ಕೆ ಕಲ್ಲು ಮೆತ್ತಗಾಗಿ ಒಂದು ಕಡೆಗೆ ವಾಲುತ್ತದೆ. ಹಳೆಯ ಗೋರಿ ಎಂದುಕೊಂಡರೆ ಅದೂ ಸರಿಯೇ.

ಹುಳುಗಳ ವಿಷಯ. ಜೆಲಾಟಿನ್ ಬೇಡವೆಂದು ಚೈನಾ ಗ್ರಾಸಿನಲ್ಲಿ ಉದ್ದದ ಹುಳು ಮಾಡಲು ಹೊರಟರೆ ಅದು ಬಾಗುವ ಬದಲು ಮುರಿಯುತ್ತದೆ, ಅದರ ಸ್ವಭಾವವೇ ಅದು. ನಮ್ಮಲ್ಲಿ ಇದಕ್ಕೆ ಮನೆಯಲ್ಲೇ ಉತ್ತರ ಇದೆ, ರಾಗಿ ಸೇಮಿಗೆ. ಮಣೆಯಿಂದ ಒತ್ತಿದ ಕಂದು ಎಳೆಗಳನ್ನು ಸ್ವಲ್ಪ ಬೆಲ್ಲದ ಪಾಕದಲ್ಲಿ ಹೊರಳಿಸಿ ಮಣ್ಣಿನ ಮೇಲೆ ಎರಡೆರಡು ಇಟ್ಟರೆ ಎರೆಹುಳುವೇ. ಹೆಚ್ಚಿನ ಖರ್ಚಿಲ್ಲದೆ ಮುಗಿಸಬೇಕೆಂದಿರುವವರು ಪುಡ್ಡಿಂಗನ್ನೇ ಬಿಟ್ಟು, ಕಪ್ಪಿಗೆ ಕಾಯಿಹಾಲು ಬೆಲ್ಲದ ಬಾಳೆಹಣ್ಣಿನ ರಸಾಯನ ಹೊಯ್ದು, ಅದರಲ್ಲಿ ರಾಗಿ ಸೇಮಿಗೆ ಮುಳುಗಿಸಿ 'ಹುಳುವಿನ ಸೂಪ್' ಎಂದು ಬಡಿಸಬಹುದು. ಅಜ್ಜಿಯರಿಗೆ ಹೆದರಿಕೆ ಆಗದು, ಎರಡನೇ ಸಲ ಕೇಳುವವರು ಅವರೇ.

ಜೇಡರ ಬಲೆಯ ಕೇಕ್

ಮೇಜಿನ ನಡುವೆ ಒಂದು ದೊಡ್ಡ ವಸ್ತು ಇರಬೇಕು, ಕತ್ತರಿಸುವ ಗೌಜಿ ಇರಬೇಕು, ಹುಟ್ಟಿದ ಹಬ್ಬವೂ ಅದೇ ವಾರ ಇದೆ ಎನ್ನುವವರಿಗೆ ಕೇಕ್. ಖರ್ಚು ಹೆಚ್ಚು, ಕೈಚಳಕವೂ ಬೇಕು. ಆದರೆ ಒಂದು ಕಿಲೋ ಕಸ್ಟಮ್ ಕೇಕಿಗೆ ಬೇಕರಿಯಲ್ಲಿ ಕೇಳುವ ದರದೊಳಗೆ ಮನೆಯಲ್ಲಿ ಎರಡು ಕೇಕ್ ಮುಗಿಯುತ್ತದೆ.

ಮೊಟ್ಟೆಯಿಲ್ಲದ, ಹಾಲೂ ಇಲ್ಲದ ಕೇಕಿಗೆ ಒಂದು ಟಿನ್ನಿನ ಲೆಕ್ಕ: ಮೈದಾ 190 ಗ್ರಾಂ, ಕೋಕೋ 30 ಗ್ರಾಂ, ಸಕ್ಕರೆ 200 ಗ್ರಾಂ, ಅಡುಗೆ ಸೋಡ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎಣ್ಣೆ 80 ಮಿ.ಲೀ., ವಿನೆಗರ್ 1 ದೊಡ್ಡ ಚಮಚ, ನೀರು 240 ಮಿ.ಲೀ. ಇಪ್ಪತ್ತು ಜನಕ್ಕೆ ಇಂಥ ಎರಡು, ಒಂದರ ಮೇಲೊಂದು. ಓವನ್ ಇದ್ದರೆ 175 ಡಿಗ್ರಿಯಲ್ಲಿ ಸುಮಾರು 35 ನಿಮಿಷ. ಇಲ್ಲದಿದ್ದರೆ ಕುಕ್ಕರ್: ಗ್ಯಾಸ್ಕೆಟ್, ವಿಸಿಲ್ ತೆಗೆದು, ಅಡಿಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಟಿನ್ ಇಟ್ಟು ಸಣ್ಣ ಉರಿಯಲ್ಲಿ 45–50 ನಿಮಿಷ. ಕಡ್ಡಿ ಚುಚ್ಚಿ ನೋಡಿಯೇ ತೆಗೆಯಿರಿ.

ವಿನೆಗರ್ ಸೋಡಕ್ಕೆ ತಾಗಿದ ಕ್ಷಣದಿಂದ ಗ್ಯಾಸ್ ಹೊರಟುಹೋಗಲು ಶುರು. ಆದ್ದರಿಂದ ಒಂದೇ ಕುಕ್ಕರ್ ಇರುವವರು ಎರಡು ಕೇಕಿನ ಹಿಟ್ಟನ್ನು ಒಟ್ಟಿಗೆ ಕಲಸಿಡಬಾರದು. ಮೊದಲನೆಯದು ಹೊರಬಂದ ಮೇಲೆಯೇ ಎರಡನೆಯದಕ್ಕೆ ನೀರು ವಿನೆಗರ್ ಹಾಕಬೇಕು, ಇಲ್ಲದಿದ್ದರೆ ಅದು ದೋಸೆಯಷ್ಟೇ ಎತ್ತರ. ತೆಂಗಿನೆಣ್ಣೆ ಹಾಕಬಹುದೇ ಎಂಬ ಪ್ರಶ್ನೆ ಇಲ್ಲಿ ಸಹಜ. ಹಾಕಬಹುದು, ಚಾಕೊಲೇಟಿಗೆ ಅದರ ವಾಸನೆ ಹೊಂದುತ್ತದೆ ಕೂಡ. ಆದರೆ ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಫ್ರಿಜ್ಜಿನಿಂದ ತೆಗೆದ ಕೇಕ್ ಕಲ್ಲಿನಂತಿರುತ್ತದೆ. ತಿನ್ನುವ ಒಂದು ಗಂಟೆ ಮೊದಲೇ ಹೊರಗಿಡಿ.

ಮೇಲಿನ ಕಪ್ಪು ಹೊದಿಕೆಗೆ ಬೆಣ್ಣೆ ಕ್ರೀಮ್ ಬೇಡವೇ ಬೇಡ, ನಮ್ಮ ಸೆಕೆಗೆ ಅದು ಗೋಡೆಯ ಹಳೆ ಸುಣ್ಣದಂತೆ ಕಳಚಿ ಬರುತ್ತದೆ. ಗನಾಶ್ ಮಾಡಿ. ಪುಸ್ತಕದಲ್ಲಿ ಚಾಕೊಲೇಟ್, ಕ್ರೀಮ್ ಸಮಸಮ ಎಂದಿರುತ್ತದೆ. ಇಲ್ಲಿ ಎರಡಕ್ಕೊಂದು: ಚಾಕೊಲೇಟ್ 400 ಗ್ರಾಂ, ಕ್ರೀಮ್ 200 ಮಿ.ಲೀ. ಪೆಟ್ಟಿಗೆಯಲ್ಲಿ ಸಿಗುವ 25 ಶೇಕಡಾ ಕೊಬ್ಬಿನ ಫ್ರೆಶ್ ಕ್ರೀಮ್ ತೆಳುವಾಗಿರುವುದರಿಂದ ಈ ಅಳತೆ ಇನ್ನೂ ಮುಖ್ಯ. ಕ್ರೀಮ್ ಅಂಚಿನಲ್ಲಿ ಗುಳ್ಳೆ ಬರುವವರೆಗೆ ಬಿಸಿ ಮಾಡಿ, ಚೂರು ಮಾಡಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ತಿರುವಿ. ಚಾಕೊಲೇಟ್ ಎರಡು ಬಗೆ. ಕೋಕೋ ಬೆಣ್ಣೆಯ ನಿಜ ಚಾಕೊಲೇಟ್ ರುಚಿಯಲ್ಲಿ ಮೇಲು, ಬೆಲೆಯಲ್ಲೂ ಮೇಲು. ಕಾಂಪೌಂಡಿನಲ್ಲಿ ಸಸ್ಯಜನ್ಯ ಕೊಬ್ಬು, ಅಗ್ಗ, ಹದ ಹಿಡಿಯುವ ಗೋಳಿಲ್ಲ, ಸೆಕೆಗೆ ಸ್ವಲ್ಪ ಹೆಚ್ಚು ತಡೆಯುತ್ತದೆ. ಗನಾಶಿಗೆ ನಿಜದ್ದು, ಬಲೆ ಮತ್ತು ಬರವಣಿಗೆಗೆ ಕಾಂಪೌಂಡ್ ಎಂಬುದು ನ್ಯಾಯವಾದ ಹಂಚಿಕೆ.

ಬಲೆ ಬಿಡಿಸಲು ಸಿಗುವುದು ಮೂರು ನಾಲ್ಕು ನಿಮಿಷ ಮಾತ್ರ. ಗನಾಶ್ ಹೊಯ್ಯುವ ಮೊದಲೇ 50 ಗ್ರಾಂ ಬಿಳಿ ಕಾಂಪೌಂಡನ್ನು ಒಂದು ಟೀ ಚಮಚ ಎಣ್ಣೆಯೊಂದಿಗೆ ಕರಗಿಸಿ ಕೋನಿನಲ್ಲಿ ತುಂಬಿ ಸಿದ್ಧವಾಗಿಡಿ. ಒಂದು ಹನಿ ನೀರು ಸೇರಿದರೂ ಅದು ಹೆಪ್ಪೆಹೆಪ್ಪೆಯಾಗಿ ಕೆಡುತ್ತದೆ, ಪಾತ್ರೆ ಒಣಗಿರಲಿ. ಗನಾಶ್ ಹಸಿಯಾಗಿರುವಾಗಲೇ ನಡುವಿನಿಂದ ಚಕ್ಕುಲಿಯಂತೆ ಸುತ್ತು ಎಳೆಯಿರಿ, ಕೂಡಲೇ ಟೂತ್‌ಪಿಕ್ಕಿನಿಂದ ನಡುವಿನಿಂದ ಅಂಚಿಗೆ ಎಂಟು ಗೆರೆ. ಪ್ರತಿ ಗೆರೆಗೂ ಕಡ್ಡಿ ಒರಸಿ. ಗನಾಶಿಗೆ ಕೆನೆ ಕಟ್ಟಿದ್ದರೆ ಗೆರೆ ಎಳೆದಲ್ಲಿ ಹರಿಯುತ್ತದೆ. ಹಾಗಾದರೆ ಬಲೆಯನ್ನು ಬಿಟ್ಟು, ಅದೇ ಬಿಳಿಯಲ್ಲಿ ಬಟರ್ ಪೇಪರಿನ ಮೇಲೆ ಎಲುಬುಗಳನ್ನು ಬರೆದು, ಗಟ್ಟಿಯಾದ ಮೇಲೆ ಕೇಕಿಗೆ ಚುಚ್ಚಿ. ಬಲೆ ಕೆಟ್ಟದ್ದು ಯಾರಿಗೂ ತಿಳಿಯುವುದಿಲ್ಲ.

ಮಾಟಗಾತಿಯ ಬೆರಳು

ವಾರದ ಮೊದಲೇ ಮಾಡಿಡಬಹುದಾದ್ದು, ಕಾರಿನಲ್ಲಿ ಎಷ್ಟು ಕುಲುಕಿದರೂ ಕೆಡದಿರುವುದು ಇದೊಂದೇ. ಓವನ್ ಮಾತ್ರ ಬೇಕು.

ಉಪ್ಪಿಲ್ಲದ ಬೆಣ್ಣೆ 150 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಮೈದಾ 250 ಗ್ರಾಂ, ಚಿಟಿಕೆ ಉಪ್ಪು, ಬೇಕಾದರೆ ಒಂದೆರಡು ಚಮಚ ಹಾಲು. ಸುಮಾರು 30 ಬೆರಳು ಆಗುತ್ತವೆ. ಬೇಕಿಂಗ್ ಪೌಡರ್ ಹಾಕಲೇಬಾರದು. ಹಾಕಿದರೆ ಬೆರಳು ಉಬ್ಬಿ ಹರಡಿ ಕಾಲಿನ ಹೆಬ್ಬೆರಳಾಗುತ್ತದೆ. ಅದಿಲ್ಲದೆಯೂ ಸ್ವಲ್ಪ ದಪ್ಪವಾಗುವುದರಿಂದ ಪೆನ್ಸಿಲಿಗಿಂತ ತುಸು ದಪ್ಪಕ್ಕೆ ಮಾತ್ರ ಹೊಸೆಯಿರಿ, ಎರಡು ಕಡೆ ಒತ್ತಿ ಗೆಣ್ಣು ಮಾಡಿ, ಚಾಕುವಿನಿಂದ ಮೂರು ಗೀರು ಹಾಕಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೇ ಬೇಯಿಸಬೇಕು. ನಮ್ಮ ಅಡುಗೆಮನೆಯ ಸೆಕೆಯಲ್ಲಿ ಹೊಸೆಯುವಾಗಲೇ ಬೆಣ್ಣೆ ಅರ್ಧ ಕರಗಿರುತ್ತದೆ. ಹಾಗೆಯೇ ಓವನಿಗೆ ಹೋದರೆ ಗೀರು, ಗೆಣ್ಣು ಎಲ್ಲ ಮಾಯ. 165 ಡಿಗ್ರಿಯಲ್ಲಿ 18ರಿಂದ 22 ನಿಮಿಷ.

ಉಗುರಿಗೆ ಬಾದಾಮಿ ಎಂದು ಎಲ್ಲರೂ ಹೇಳುತ್ತಾರೆ. ಗೋಡಂಬಿಯ ಅರ್ಧ ಬೇಳೆ ಅದಕ್ಕಿಂತ ಚೆಂದ. ಬಾಗಿದ, ಹಳದಿಗಟ್ಟಿದ, ಕತ್ತರಿಸದೆ ಬಿಟ್ಟ ಉಗುರಿನಂತೆಯೇ ಕಾಣುತ್ತದೆ. ಬೆಂದ ಮೇಲೆ ಉಗುರು ಕಳಚುವುದು ಸಾಮಾನ್ಯ. ಅದನ್ನು ದೋಷವೆಂದು ತಿಳಿಯದೆ, ಆ ಗುಳಿಗೆ ದಪ್ಪ ಪುನರ್ಪುಳಿ ಪಾಕ ಅಥವಾ ಜಾಮ್ ಹಾಕಿ ಉಗುರನ್ನು ಒತ್ತಿದರೆ ಸುತ್ತಲೂ ರಕ್ತ ಒಸರುತ್ತದೆ. ಬೀಜ ತಿಂದರೆ ಮೈ ತುರಿಸುವ ಮಕ್ಕಳಿದ್ದಾರೆಯೇ ಎಂದು ಮೊದಲೇ ಕೇಳಿ. ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟರೆ ಗರಿಗರಿ ಮರಳುತ್ತದೆ. ಈ ಕಾರಣಕ್ಕೇ ಜಾಮ್ ಹಾಕುವ ಕೆಲಸ ಪಾರ್ಟಿಯ ದಿನಕ್ಕೆ.

ಇದೊಂದನ್ನೇ ಸಿಹಿ ಎಂದು ಇಟ್ಟರೆ ಮೇಜು ಬಡವಾಗಿ ಕಾಣುತ್ತದೆ. ಪುಡ್ಡಿಂಗ್ ಕಪ್ಪಿನಲ್ಲಿ ನೆಟ್ಟು, ಗೋರಿಯಿಂದ ಎದ್ದ ಬೆರಳಾಗಿಸಿದರೆ ಎರಡೂ ಗೆಲ್ಲುತ್ತವೆ.

ಕಪ್ಪು ಹಲ್ವದ ಶವಪೆಟ್ಟಿಗೆ

ಮಾಡಲು ಪುರುಸೊತ್ತೇ ಇಲ್ಲದವರಿಗೆ. ಬೆಲ್ಲ, ತೆಂಗಿನೆಣ್ಣೆಯ ಕಪ್ಪು ಹಲ್ವ ನಮ್ಮ ಕಡೆ ಬೇಕರಿಗಳಲ್ಲಿ ಸಿಗುವಂಥದ್ದೇ. ಕತ್ತರಿಸಿದ ತುಂಡು ಕೊಳ್ಳಬೇಡಿ, ಒಂದು ಕಿಲೋದ ಇಡೀ ಗಟ್ಟಿ ಕೇಳಿ. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಹಾಳೆ ತೆಗೆದು, ಎಣ್ಣೆ ಸವರಿದ ಚಾಕುವಿನಿಂದ ಭುಜ ಅಗಲ, ಕಾಲು ಕಿರಿದಾದ ಆರು ಮೂಲೆಯ ಆಕಾರಕ್ಕೆ ಕತ್ತರಿಸಿ. ಮೇಲೆ ಬಿಳಿ ಕಾಂಪೌಂಡಿನ ಒಂದು ಎಲುಬು. ಕರಗುವುದಿಲ್ಲ, ಫ್ರಿಜ್ ಬೇಡ. ಸಿಹಿ ಜಾಸ್ತಿಯಾದ್ದರಿಂದ ತುಂಡು ಸಣ್ಣದಿರಲಿ. ಹಲ್ವ ಇಷ್ಟಪಡದ ಮಕ್ಕಳು ಮುಟ್ಟುವುದೂ ಇಲ್ಲ, ಇದು ದೊಡ್ಡವರ ಮೇಜಿಗೆ ಸರಿ.

ಮೊಟ್ಟೆ ಬಿಳಿಯ ದೆವ್ವ: ಬೇಡ

ಚಿತ್ರದಲ್ಲಿ ಎಲ್ಲಕ್ಕಿಂತ ಚೆಂದ ಮೆರಾಂಗ್ ದೆವ್ವಗಳೇ. ಮೂರು ಮೊಟ್ಟೆಯ ಬಿಳಿಗೆ 180–200 ಗ್ರಾಂ ಸಕ್ಕರೆ ನೊರೆ ಬರಿಸಿ, 100 ಡಿಗ್ರಿಯಲ್ಲಿ ಒಂದೂವರೆ ಎರಡು ಗಂಟೆ ಒಣಗಿಸಬೇಕು. ಅಷ್ಟು ಹೊತ್ತು ತುಲಾ ತಿಂಗಳ ಸಂಜೆ ಕರೆಂಟು ಇರಬೇಕು. ಇದ್ದರೂ, ಸಕ್ಕರೆ ಗಾಳಿಯ ಪಸೆಯನ್ನು ಎಳೆದುಕೊಳ್ಳುವುದರಿಂದ ಡಬ್ಬಿ ತೆರೆದ ಸ್ವಲ್ಪ ಹೊತ್ತಿನಲ್ಲೇ ದೆವ್ವಕ್ಕೆ ಬೆವರು ಬಂದು ಅಂಟಂಟು. ಎ.ಸಿ. ಕೋಣೆಯಲ್ಲೇ ಪಾರ್ಟಿ, ಮೊಟ್ಟೆ ತಿನ್ನುವವರೇ ಎಲ್ಲ ಎಂದಾದರೆ ಪ್ರಯತ್ನಿಸಿ. ಸಣ್ಣ ಮಕ್ಕಳಿಗೆ ಬಿಳಿ ದೆವ್ವವೇ ಬೇಕಿದ್ದರೆ ಕದಳಿ ಬಾಳೆಹಣ್ಣನ್ನು ಅಡ್ಡಕ್ಕೆ ಎರಡು ಮಾಡಿ, ಒರಸಿ, ಕಡ್ಡಿಗೆ ಚುಚ್ಚಿ ಬಿಳಿ ಕಾಂಪೌಂಡಿನಲ್ಲಿ ಪೂರ್ತಿ ಮುಳುಗಿಸಿ. ಹತ್ತು ನಿಮಿಷದ ಕೆಲಸ. ಹೊದಿಕೆ ಬಿಟ್ಟಲ್ಲಿ ಮಾತ್ರ ಹಣ್ಣು ಕಪ್ಪಾಗುತ್ತದೆ.

ಹಾಗಾದರೆ ಯಾವುದು?

ಮಿಶ್ರ ಪಂಕ್ತಿ, ಓವನಿಲ್ಲದ ಮನೆ, ಕಡಿಮೆ ಖರ್ಚು: ಬೊಂಡ ಗುಮ್ಮ, ಬೇರೆ ಆಲೋಚನೆಯೇ ಬೇಡ. ಚಾಕೊಲೇಟ್ ಹುಚ್ಚಿನ ಹತ್ತು ಹನ್ನೆರಡರ ಮಕ್ಕಳು, ಸಹಾಯಕ್ಕೂ ಅವರೇ: ಸ್ಮಶಾನದ ಕಪ್. ದುಡ್ಡು ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ, ಫೋಟೋ ಮುಖ್ಯ: ಕೇಕ್, ಆದರೆ ಹಿಂದಿನ ದಿನ ಒಮ್ಮೆ ತಟ್ಟೆಯ ಮೇಲೆ ಬಲೆ ಎಳೆದು ಕೈ ಕೂರಿಸಿಕೊಳ್ಳಿ. ಕೆಲಸಕ್ಕೆ ಹೋಗುವವರು, ವಾರದ ದಿನ ಸಮಯವಿಲ್ಲ: ಭಾನುವಾರವೇ ಬೆರಳು ಮಾಡಿಟ್ಟು, 31ರ ಸಂಜೆ ಹಲ್ವ ತನ್ನಿ. ಎರಡು ಬಗೆ ಮಾಡುವುದಾದರೆ ಒಂದು ಬಿಳಿ, ಒಂದು ಕಪ್ಪು ಇರಲಿ. ಬೊಂಡ ಗುಮ್ಮ ಮತ್ತು ಸ್ಮಶಾನದ ಕಪ್ಪನ್ನು ಒಟ್ಟಿಗಿಟ್ಟರೆ ಅಳತೆ ಎರಡರಲ್ಲೂ ಅರ್ಧ ಮಾಡಬಹುದು.

ಕಣ್ಣುಗುಡ್ಡೆ ಬೇಕೇಬೇಕು ಎನ್ನುವವರಿಗೆ: ಡಬ್ಬಿಯ ಲಿಚಿಯ ಗುಳಿಗೆ ಕಪ್ಪು ದ್ರಾಕ್ಷಿ ತುರುಕಿದರೆ ಆಯಿತು. ಐದು ವರ್ಷಕ್ಕಿಂತ ಸಣ್ಣವರ ತಟ್ಟೆಗೆ ಹಾಕುವಾಗ ಮಾತ್ರ ಲಿಚಿ, ದ್ರಾಕ್ಷಿ ಎರಡನ್ನೂ ಉದ್ದಕ್ಕೆ ಸೀಳಿ, ಇಡಿಯಾದದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಪ್ಪು ಬಣ್ಣಕ್ಕೆ ಇದ್ದಿಲ ಪುಡಿ ಹಾಕುವ ಫ್ಯಾಷನ್ ಬೇಡ, ಅದು ತೆಗೆದುಕೊಂಡ ಔಷಧಿಯನ್ನೂ ಹೀರಿಬಿಡುತ್ತದೆ. ಹೊಗೆಗೆಂದು ಡ್ರೈ ಐಸ್ ತರುವವರು ಅದು ಮೈನಸ್ 78 ಡಿಗ್ರಿಯದು ಎಂಬುದನ್ನು ನೆನಪಿಡಬೇಕು. ಬರಿಗೈಯಲ್ಲಿ ಮುಟ್ಟಬಾರದು, ಕುಡಿಯುವ ಲೋಟಕ್ಕೆ ಹಾಕಬಾರದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಡಬಾರದು.

ಬೇರೆಯವರ ಮನೆಗೆ ಒಯ್ಯುವುದಾದರೆ ಗುಮ್ಮನನ್ನು ಲೋಟದಲ್ಲೇ ಒಯ್ದು ಅಲ್ಲಿಯೇ ಕವುಚಿ. ಕಪ್ಪಿಗೆ ಮಣ್ಣು, ಕಲ್ಲು ಎರಡೂ ಬೇರೆ ಡಬ್ಬಿಯಲ್ಲಿರಲಿ. ಕೇಕಿನ ಪೆಟ್ಟಿಗೆ ಸೀಟಿನ ಮೇಲಲ್ಲ, ಕಾರಿನ ನೆಲದ ಮೇಲೆ, ಅಡಿಗೆ ಒಂದು ಒದ್ದೆ ಬಟ್ಟೆ ಹಾಸಿ. ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಬ್ರೇಕಿಗೆ ಜೇಡ, ಬಲೆ ಎರಡೂ ಪೆಟ್ಟಿಗೆಯ ಗೋಡೆ ಹತ್ತಿರುತ್ತವೆ.